ಹೆಸರು ಹೇಳಬಾರದು ಎಂದ ಅತ್ತೆ

ನಮ್ಮ ಅತ್ತೆಗೆ ತಿಳಿದಷ್ಟು ಗುಟ್ಟು ಸಾಗರದಲ್ಲಿ ಇನ್ಯಾರಿಗೂ ತಿಳಿದಿರಲಿಲ್ಲ. ಅವರಷ್ಟು ಕಡಿಮೆ ಮಾತಾಡುವವರೂ ಇರಲಿಲ್ಲ. ಅಪ್ಪನ ಅಕ್ಕ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಎಪ್ಪತ್ತರ ದಶಕದ ಕೊನೆಯ ದಿನಗಳವು. ಯಾರು ಯಾರಿಗೆ ಫೋನ್ ಮಾಡಬೇಕಾದರೂ ಅತ್ತೆ ನಂಬರ್ ಕೇಳಿ, ತಂತಿ ಸಿಕ್ಕಿಸಿ, "ಮಾತಾಡಿ" ಅನ್ನಬೇಕು. ಪರವೂರಿನ ಕರೆಯಾದರೆ ಮೂರು ನಿಮಿಷಕ್ಕೆ ಸರಿಯಾಗಿ "ಟೈಮ್ ಆಯ್ತು." ನನ್ನ ಅಕ್ಕನ ಮದುವೆಯ ಮಾತುಕತೆಯನ್ನೂ "ಹುಡುಗ ನೋಡಕ್ಕೆ..." ಎಂಬಲ್ಲಿಗೇ ಕತ್ತರಿಸಿದ್ದರಂತೆ. ನಾನು ಕೇಳಿಸಿಕೊಂಡದ್ದಲ್ಲ; ಆದರೆ ಅತ್ತೆಯ ಬಗ್ಗೆ ಯಾರು ಏನು ಹೇಳಿದರೂ ನಂಬಬಹುದು!

ನಮ್ಮ ಮನೆಗೆ ಫೋನ್ ಬಂದ ದಿನವೇ ಮಕ್ಕಳಿಗೆ ಕಾನೂನೂ ಬಂತು. ಫೋನೆತ್ತಿ ಹೆಸರು ಹೇಳಬಾರದು. ಮನೆಯಲ್ಲಿ ದೊಡ್ಡವರಿಲ್ಲ ಅನ್ನಬಾರದು.

"ಇಲ್ದೇ ಇದ್ರೆ ಎಂತ ಹೇಳದು ಅತ್ತೆ?"

"ಸ್ನಾನಕ್ಕೆ ಹೋಗಿದಾರೆ ಅನ್ನು."

ಒಮ್ಮೆ ತೀರ್ಥಹಳ್ಳಿಯ ಮಾವ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಫೋನ್ ಮಾಡಿದರು. ಮೂರು ಸಲವೂ ಅಪ್ಪ ಸ್ನಾನದಲ್ಲಿದ್ದರು. ಮರುದಿನ ಮೊದಲ ಬಸ್ಸಿಗೇ ಮಾವ ಬಂದಿಳಿದರು, ತುರಿಕೆಯ ಮುಲಾಮಿನೊಂದಿಗೆ.

ಆಗಾಗ ಅತ್ತೆಯೇ ದನಿ ಬದಲಿಸಿ ಫೋನ್ ಮಾಡಿ ನಮ್ಮನ್ನು ಪರೀಕ್ಷಿಸುತ್ತಿದ್ದರು. ಪ್ರತಿ ಸಲವೂ ಫೇಲಾಗುತ್ತಿದ್ದವಳು ಅಮ್ಮ ಒಬ್ಬಳೇ.

ಮೂರನೆಯ ಕಾನೂನು: ಮುಖ ನೋಡಿ ಆಡಲಾಗದ ಮಾತು ಫೋನಿನಲ್ಲೂ ಬೇಡ. ಇದನ್ನು ಮುರಿದವಳು ನಾನು.

ಹೊಸನಗರದಿಂದ ಬಂದು ನೆಂಟರ ಮನೆಯಲ್ಲಿದ್ದು ಓದುವ ಹುಡುಗಿಯೊಬ್ಬಳು ತರಗತಿಯಲ್ಲಿ ನನ್ನ ಪಕ್ಕವೇ ಕೂರುತ್ತಿದ್ದಳು. ಅವಳ ಮಾತು ತೊದಲುತ್ತಿತ್ತು, ಮಾರ್ಕು ತೊದಲುತ್ತಿರಲಿಲ್ಲ. ದಸರೆ ರಜೆಗೆ ಅವಳು ಊರಿಗೆ ಹೋದಾಗ, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು, ದನಿ ದಪ್ಪ ಮಾಡಿ, ಅವಳ ಮನೆಗೆ ಕರೆ ಬುಕ್ ಮಾಡಿದೆ.

ಅವಳು "ಹ-ಹಲೋ" ಅಂದಳು. ನಾನೂ "ಹ-ಹ-ಹಲೋ" ಅಂದೆ. ಮುಂದೆ ಇನ್ನೇನೋ ಸೇರಿಸಿದೆ. ಆಗ ನಾನು ಬರೆಯುತ್ತಿದ್ದ ಡೈರಿಯಲ್ಲಿ ಅದಿಲ್ಲ. ಮರೆತೆನೋ, ಬರೆಯಲು ಹೆದರಿದೆನೋ? ಲೈನ್ ಕಟ್ಟಾಯಿತು.

ಯಾರಿಗೂ ತಿಳಿಯಬಾರದ ಕರೆಯನ್ನು ಅತ್ತೆಯ ಕೈಯಿಂದಲೇ ಜೋಡಿಸಿಕೊಂಡಿದ್ದೆ ಎಂದು ನನಗೆ ಹೊಳೆದದ್ದು ಸಂಜೆ, ಅವರು ಮನೆಗೆ ಬಂದಾಗ.

"ಆ ಕರವಸ್ತ್ರ ಒಗಿಯಕ್ಕೆ ಹಾಕು," ಅಂದರು. ಅಷ್ಟೇ!

ರಜೆಯ ಕೊನೆಯ ದಿನ ಫೋನ್ ಬಂತು. ಕಾನೂನಿನಂತೆ, "ಯಾರು ಬೇಕಿತ್ತು?" ಅಂದೆ.

"ನೀನೇ," ಅಂದರು ಅತ್ತೆ.

ಲೈನಿನಲ್ಲಿ ಕೇಳಿದ್ದು ಲೈನಿನಲ್ಲೇ ಸಾಯಬೇಕು ಎಂಬುದು ಅವರ ವ್ರತ. ಅಂದು ಅದನ್ನು ಮುರಿದರು. "ಆ ಹುಡುಗಿ ಇನ್ನು ಸಾಗರಕ್ಕೆ ಓದಕ್ಕೆ ಬರಲ್ವಂತೆ. ಅವಳಪ್ಪ ನೆಂಟರ ಹತ್ರ ಹೇಳ್ತಿದ್ರು. ಇರು, ಲೈನ್ ಕೊಡ್ತೀನಿ."

ಆ ಕಡೆಯಿಂದ "ಹ-ಹಲೋ." ರಿಸೀವರ್ ಕೆಳಗಿಡಲು ಹೊರಟೆ. ನಡುವೆ ಮೂರನೆಯ ದನಿ, ಮೆತ್ತಗೆ: "ಹೆಸರು ಹೇಳು, ಮಗಾ."

ಹೇಳಿದೆ. ನನ್ನದೇ ಹೆಸರು ಮೂರು ತುಂಡಾಗಿ ಬಂತು. ಅವತ್ತು ಫೋನ್ ಮಾಡಿದ್ದು ನಾನೇ ಅಂದೆ. ತಪ್ಪಾಯ್ತು ಅಂದೆ.

ಅತ್ತಿದ್ದು ಅವಳೋ, ನಾನೋ? ಡೈರಿ ನಾನೇ ಅನ್ನುತ್ತದೆ. ಅವಳು, "ನಾ-ನಾಳೆ ನಿನ್ನ ಪ-ಪಕ್ಕ ಕೂರಲ್ಲ," ಅಂದಳು.

"ಕೂರಬೇಡ," ಅಂದೆ. "ಬಾ, ಸಾಕು."

ಆಮೇಲೆ ಅವಳು ಮಾತಾಡಿದಳು. ಒಂದೊಂದು ಮಾತಿಗೂ ಅವಳಿಗೆ ಹೊತ್ತು ಬೇಕಿತ್ತು. ಮೂರು ನಿಮಿಷ ಯಾವಾಗಲೋ ದಾಟಿತ್ತು.

ಅತ್ತೆ "ಟೈಮ್ ಆಯ್ತು" ಅನ್ನಲಿಲ್ಲ.