ಹಳ್ಳದಾಚೆಯ ಆರು ತೋಳಗಳು

ತಾನು ಯಾವ ರಾಜ್ಯಕ್ಕೆ ಸೇರಿದ್ದೆಂದು ತೋಳ ಎಂದೂ ತಲೆ ಕೆಡಿಸಿಕೊಂಡಿರಲಿಲ್ಲ. ಆ ತಲೆನೋವು ಇದ್ದದ್ದು ಹಳ್ಳದ ಈಚೆಯ ಫಾರೆಸ್ಟ್ ಗಾರ್ಡಿಗೆ.

ಹಳ್ಳವೇ ಎರಡು ರಾಜ್ಯಗಳ ಗಡಿ. ಅಲ್ಲಿದ್ದ ಆರು ತೋಳಗಳನ್ನು ಈಚೆಯವರೂ ಎಣಿಸಿ, ಆಚೆಯವರೂ ಎಣಿಸಿ, ಕಾಗದದ ಮೇಲೆ ಹನ್ನೆರಡಾಗಿದ್ದವು. ಈ ಸಲ ಎರಡೂ ಸರಕಾರಗಳು ಒಪ್ಪಂದ ಮಾಡಿಕೊಂಡವು. ಒಂದೇ ದಿನ ಗಣತಿ, ಒಂದೇ ಫಾರಂ. ಬೆಳಿಗ್ಗೆ ಹತ್ತಕ್ಕೆ ತೋಳ ಎಲ್ಲಿರುತ್ತದೋ ಆ ರಾಜ್ಯದ್ದು. ತೋಳವಿಲ್ಲದ ಕಡೆಯ ಕ್ಯಾಂಪಿಗೆ ಬೀಗ.

ಬೀಗ ಬಿದ್ದರೆ ಗಾರ್ಡಿಗೆ ಪಟ್ಟಣಕ್ಕೆ ವರ್ಗ. ಅಲ್ಲಿ ಹೆಂಡತಿ ಟೀಚರು. ತಿಂಗಳಿಗೊಮ್ಮೆ ಮುಖ ತೋರಿಸುವ ಅಪ್ಪನನ್ನು ಮೂರು ವರ್ಷದ ಮಗಳು ಹೋದ ಸಲ 'ಅಂಕಲ್' ಎಂದು ಕರೆದಿದ್ದಳು. ಅವತ್ತು ಅವನಿಗೆ ಊಟ ಸೇರಿರಲಿಲ್ಲ.

ಗಣತಿಯ ದಿನ ಒಂಬತ್ತಕ್ಕೆ ನೋಡಿದರೆ, ಆರೂ ತೋಳಗಳು ಈಚೆಯ ಪೊದೆಯ ನೆರಳಲ್ಲಿ ಬೀಗರ ಹಾಗೆ ಮೈಚಾಚಿ ಮಲಗಿದ್ದವು.

"ಡಬ್ಬ ಬಡೀರಿ ಸಾರ್," ಎಂದ ಕ್ಯಾಂಪಿನ ವಾಚರು.

ಬಡಿದ. ಒಂದು ತೋಳ ಆಕಳಿಸಿತು.

"ನಿಮ್ಮ ಊಟ ಆಚೆ ಎಸೀರಿ."

"ನನ್ನದೇ ಯಾಕಯ್ಯಾ? ನಿನ್ನದು ಎಸಿ."

"ವರ್ಗ ನಿಮಗಲ್ವಾ ಸಾರ್ ಆಗೋದು?"

ಮಾತು ನ್ಯಾಯವಾಗಿತ್ತು. ಊಟ ಹಳ್ಳ ದಾಟಿತು, ತೋಳ ದಾಟಲಿಲ್ಲ. ಕೊನೆಗೆ ಗಾರ್ಡು ಕೋಲು ಹಿಡಿದು ನುಗ್ಗಿದವನು ಕಾಲು ಜಾರಿ ದೊಪ್ಪನೆ ನೀರಿಗೆ ಬಿದ್ದ. ನಿದ್ದೆ ಕೆಟ್ಟ ತೋಳಗಳು ಎದ್ದು, ಅವನ ಪಕ್ಕದಲ್ಲೇ ಹಳ್ಳ ದಾಟಿ ಆಚೆ ಹೋಗಿ ಮಲಗಿದವು. ಗಂಟೆ ಹತ್ತಕ್ಕೆ ಐದು ನಿಮಿಷವಿತ್ತು.

ಆಚೆಯ ಗಾರ್ಡನ್ನು ಎಲ್ಲರೂ ಕರೆಯುತ್ತಿದ್ದದ್ದು ಮೀಸೆ ಎಂದು. ಅವನು ಫಾರಂ ಹಿಡಿದು ತಲೆ ಕೆರೆದುಕೊಂಡ.

"ಒಂದೊಂದರ ಗುರುತೂ ಬರೀಬೇಕಂತೆ ಕಣಯ್ಯ. ನನ್ನ ಕಣ್ಣಿಗೆ ಎಲ್ಲ ಒಂದೇ ಥರ. ನಾನು ಸಹಿ ಹಾಕಲ್ಲ."

"ಅಷ್ಟೇನಾ? ಕೊಡಿಲ್ಲಿ."

ಗಾರ್ಡು ಒದ್ದೆ ಬಟ್ಟೆಯಲ್ಲೇ ಕೂತು ಬರೆದ. ಕುಂಟುವುದು ಯಾವುದು, ಕಿವಿ ಹರಿದದ್ದು ಯಾವುದು, ಯಾವುದರ ತಾಯಿ ಯಾವುದು, ಯಾವುದಕ್ಕೆ ಯಾವುದನ್ನು ಕಂಡರೆ ಆಗುವುದಿಲ್ಲ, ಒಂದನ್ನೂ ಬಿಡಲಿಲ್ಲ. ಮೀಸೆ ನಿಶ್ಚಿಂತೆಯಿಂದ ಸಹಿ ಹಾಕಿದ.

ಮಧ್ಯಾಹ್ನ ಎರಡೂ ಕಡೆಯ ಸಾಹೇಬರು ಜೀಪಿನಲ್ಲಿ ಬಂದರು. ಈಚೆ ಸೊನ್ನೆ, ಆಚೆ ಆರು.

"ನಮ್ಮ ಕ್ಯಾಂಪು ಮುಚ್ಚಿದ ಹಾಗೇನೇ," ಎಂದರು ಈಚೆಯ ಸಾಹೇಬರು. ಗಾರ್ಡು ಮನಸ್ಸಿನಲ್ಲೇ ಪಟ್ಟಣದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ.

ಆಚೆಯ ಸಾಹೇಬರು ಮಾತ್ರ ಫಾರಮಿನಿಂದ ಕಣ್ಣು ಕೀಳಲಿಲ್ಲ. "ಇಷ್ಟೆಲ್ಲ ಬರೆದವರು ಯಾರ್ರೀ?"

"ನಮ್ಮ ಸಾರೇ," ಎಂದು ವಾಚರು ಅವನನ್ನು ಹೆಮ್ಮೆಯಿಂದ ಮುಂದಕ್ಕೆ ತಳ್ಳಿದ. "ಆರರ ಜಾತಕವೂ ಬಾಯಿಪಾಠ."

"ಇಂಥವರನ್ನ ಪಟ್ಟಣದಲ್ಲಿ ಕೂರಿಸಿ ಏನ್ಮಾಡ್ತೀರಿ ಸಾರ್? ನಮಗೆ ಕೊಟ್ಬಿಡಿ. ಸಹಕಾರ ಅಂದ ಮೇಲೆ ಇಷ್ಟಾದರೂ ಬೇಡ್ವಾ?"

"ಅದಕ್ಕೇನಂತೆ, ಧಾರಾಳವಾಗಿ ಇಟ್ಕೊಳ್ಳಿ."

ಸಂಜೆಯೊಳಗೆ ಗಾರ್ಡಿನ ಟ್ರಂಕು ಹಳ್ಳ ದಾಟಿ ಮೀಸೆಯ ಕ್ಯಾಂಪು ಸೇರಿತು. ಇನ್ನು ಮೇಲೆ ಮಗಳನ್ನು ನೋಡಲು ಒಂದು ದಿನದ ರಜೆ ಬೇಕೆಂದರೂ ಎರಡು ಸರಕಾರಗಳು ಒಪ್ಪಬೇಕಿತ್ತು.