ಸಾಹೇಬರ ಗಾಜಿನ ಬಟ್ಟಲು

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ನಾನು ಫಿಟ್ಟರ್. ನಾನು ಬಿಗಿದ ನಟ್ಟು ಇದುವರೆಗೆ ತಾನಾಗಿ ಸಡಿಲವಾಗಿಲ್ಲ, ನಾನಾಡಿದ ಮಾತೂ ಅಷ್ಟೆ. ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ. ಆದರೆ ಓದದವನಿಗೆ ಒಂದು ತೊಂದರೆ ಇದೆ. ಯಾರಾದರೂ ಭಾಷಣ ಮಾಡಿದರೆ ಪೂರ್ತಿ ನಂಬಿಬಿಡುತ್ತಾನೆ. ಓದಿದವರು ಆ ಹೊತ್ತಿನಲ್ಲಿ ಹಿಂದೆ ನಿಂತು ಕಡಲೆಕಾಯಿ ತಿನ್ನುತ್ತಿರುತ್ತಾರೆ.

ಹೊಸ ಯಂತ್ರ ಕೂರಿಸಲು ಜರ್ಮನಿಯಿಂದ ಇಂಜಿನಿಯರ್ ಸಾಹೇಬರೊಬ್ಬರು ಬಂದಾಗ ನಮ್ಮ ದೊಡ್ಡ ಅಧಿಕಾರಿಗಳು ಅಂಥದೊಂದು ಭಾಷಣ ಮಾಡಿದರು. ಎರಡು ಮಿತ್ರದೇಶಗಳ ಸ್ನೇಹವೂ ವ್ಯಾಪಾರವೂ ಬೆಳೆಯುವುದು ದೆಹಲಿಯಲ್ಲಲ್ಲ, ನಿಮ್ಮ ಒಬ್ಬೊಬ್ಬರ ನಡತೆಯಲ್ಲಿ ಎಂದರು. ಹೇಳುವಾಗ ನನ್ನನ್ನೇ ನೋಡಿದರು. ನನ್ನ ತಲೆಯ ಮೇಲೆ ಗೋಡೆ ಗಡಿಯಾರವಿತ್ತೆಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಎರಡು ದೇಶಗಳ ಭಾರವನ್ನು ನಾನು ಹೊತ್ತುಕೊಂಡಾಗಿತ್ತು.

ಒಂದು ಭಾನುವಾರ ಸಾಹೇಬರ ಬಂಗಲೆಯ ಸೋರುವ ನಲ್ಲಿ ರಿಪೇರಿ ಮಾಡಿ, ದುಡ್ಡು ಬೇಡವೆಂದು ಬಂದೆ. ಮಾರನೆಯ ದಿನ ಅವರ ಹೆಂಡತಿ ಗಾಜಿನ ಬಟ್ಟಲಿನಲ್ಲಿ ಕೇಕು ಕಳಿಸಿದರು. ತಂದವಳು ಮುನಿಯಮ್ಮ, ಬಂಗಲೆಯಲ್ಲಿ ಅಡಿಗೆ ಮಾಡುವವಳು, ನಮ್ಮ ಪಕ್ಕದ ಕ್ವಾರ್ಟರ್ಸಿನವಳು. ನನ್ನ ಹೆಂಡತಿ ಗೌರಮ್ಮ ಒಮ್ಮೆ ಮೂಸಿ, "ಮೊಟ್ಟೆ ಹಾಕವ್ರೆ ಕಣ್ರೀ" ಎಂದು ಕೇಕನ್ನು ಮುನಿಯಮ್ಮನ ಮಕ್ಕಳಿಗೇ ಕೊಟ್ಟುಬಿಟ್ಟಳು. ಉಳಿದದ್ದು ಬಟ್ಟಲು. ಬರೀ ಬಟ್ಟಲು ಹಿಂದಕ್ಕೆ ಕೊಡುವುದುಂಟೆ? ಶಿವಮೊಗ್ಗದಿಂದ ಅತ್ತೆಯವರು ಕಳಿಸಿದ್ದ ಮಾವಿನ ಮಿಡಿ ಉಪ್ಪಿನಕಾಯಿಯನ್ನು ಬಟ್ಟಲ ತುಂಬ ಹಾಕಿ ಮುನಿಯಮ್ಮನ ಕೈಯಲ್ಲಿ ಕಳಿಸಿದಳು. ನಮ್ಮ ಅತ್ತೆಯವರ ಮಿಡಿ ಕಚ್ಚಿದರೆ ನನಗೇ ನೆತ್ತಿ ಬೆವರುತ್ತದೆ. ಮದುವೆಯಾದ ಹೊಸದರಲ್ಲಿ ಅದನ್ನು ತಿಂದು ನಾನು ಕಣ್ಣೀರು ಹಾಕಿದ್ದನ್ನು, ಅಳಿಯನಿಗೆ ತನ್ನ ತಾಯಿಯ ನೆನಪಾಯಿತೆಂದು ಅವರು ಇಂದಿಗೂ ಹೇಳಿಕೊಂಡು ಬರುತ್ತಿದ್ದಾರೆ.

ಮಾರನೆಯ ದಿನ ಸಾಹೇಬರು ಕೆಲಸಕ್ಕೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಯಂತ್ರ ಅರ್ಧಕ್ಕೆ ನಿಂತಿತು. ಉಪ್ಪಿನಕಾಯಿಯ ವಿಷಯವನ್ನು ಜೊತೆಯ ರುದ್ರಪ್ಪನಿಗೆ ಹೇಳಿದ್ದೇ ತಪ್ಪಾಯಿತು.

"ಏನ್ ಮಾರಾಯ, ಮಹಾಯುದ್ಧದಲ್ಲೂ ಬದುಕ್ಕೊಂಡ್ ಬಂದ ಮನುಷ್ಯನ್ನ ಒಂದು ಮಿಡೀಲಿ ಮುಗಿಸಿಬಿಟ್ಯಲ್ಲ."

"ತಮಾಷೆ ಮಾಡ್ಬೇಡ್ವೋ."

"ತಮಾಷೆ ಏನ್ ಬಂತು? ಅವರ ಸರ್ಕಾರದವ್ರು ಕಾಗದ ಬರೆದು ಕೇಳಿದ್ರೆ ನಿನ್ನ ಹೆಸರು ಹೇಳ್ತೀನಿ. ನಿಮ್ಮತ್ತೆ ಹೆಸರು ಬೇಕಾದ್ರೆ ನೀನೇ ಹೇಳು."

ಆ ಎರಡು ದಿನ ತಲೆಯಲ್ಲಿ ಒಂದೇ ಲೆಕ್ಕ. ಸಾಹೇಬರು ಹಾಸಿಗೆ ಹಿಡಿದರೆ ಯಂತ್ರ ತುಕ್ಕು ಹಿಡಿಯುತ್ತದೆ, ನನ್ನ ಕೆಲಸ ಹೋಗುತ್ತದೆ, ಕ್ವಾರ್ಟರ್ಸ್ ಬಿಡಬೇಕಾಗುತ್ತದೆ, ಬಿಟ್ಟು ಅದೇ ಅತ್ತೆಯ ಮನೆಗೇ ಹೋಗಿ ದಿನಾ ಅದೇ ಉಪ್ಪಿನಕಾಯಿ ತಿನ್ನಬೇಕಾಗುತ್ತದೆ. ಎರಡನೆಯ ದಿನ ಸಂಜೆ ತಡೆಯಲಾರದೆ, ನಿಜ ಏನೆಂದು ಕೇಳಲು ಮುನಿಯಮ್ಮನ ಮನೆಗೆ ಹೋದೆ.

ಮಕ್ಕಳು ಊಟಕ್ಕೆ ಕೂತಿದ್ದವು. ಒಂದೊಂದು ತಟ್ಟೆಯಲ್ಲೂ ಒಂದೊಂದು ಮಿಡಿ. ನಮ್ಮ ಅತ್ತೆಯವರ ಮಿಡಿಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ.

"ದೊರೆ ಹೇಗವ್ರೆ ಮುನಿಯಮ್ಮ?"

"ಬೆಂಗ್ಳೂರಿಗೆ ಹೋಗವ್ರಣ್ಣಾ, ಮಿಷನ್ ಸಾಮಾನು ತರಕ್ಕೆ. ನಾಳೆ ಬತ್ತಾರೆ."

"ಉಪ್ಪಿನಕಾಯಿ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಅಮ್ಮಾವ್ರು ನಾಲಗೆ ತುದಿಗೆ ಇಟ್ರು, ಒಂದು ಚೆಂಬು ನೀರು ಕುಡಿದ್ರು. ನೀನೇ ತಗೊಂಡೋಗು, ಕೊಟ್ಟ ಮನೆಯವ್ರಿಗೆ ಹೇಳ್ಬೇಡ ಅಂದ್ರು. ಕೂತ್ಕಣಣ್ಣಾ, ಒಂದು ತುತ್ತು ಉಣ್ಣು. ಉಪ್ಪಿನಕಾಯಿ ಭಾಳ ಚೆನ್ನಾಗೈತೆ."

ಎದೆಯ ಮೇಲಿನ ಭಾರ ಇಳಿಯಿತು. ಇಳಿದ ಜಾಗದಲ್ಲಿ ಸ್ವಲ್ಪ ಕೋಪ ಬಂತು. ನಮ್ಮ ಮನೆಯ ಪದಾರ್ಥ ಎಂದರೆ ಇಷ್ಟೇನಾ ಬೆಲೆ? ಆಮೇಲೆ ಅವರ ಕೇಕು ತಿಂದವರು ಯಾರೆಂದು ನೆನಪಾಗಿ, ಅದೇ ಮಕ್ಕಳ ಪಕ್ಕದಲ್ಲಿ ಕೂತು ಎರಡು ತುತ್ತು ಉಂಡೆ.

ಬೆಳಿಗ್ಗೆ ಸಾಹೇಬರು ಬಂದರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಹೆಚ್ಚುಕಡಿಮೆ ಒಂದೇ ಅಳತೆಯವು. "ಪಿಕಲ್ ವೆರಿ ಗುಡ್" ಎಂದರು. ನಾನು ಅವರ ಕಣ್ಣು ತಪ್ಪಿಸಿ, "ಕೇಕ್ ವೆರಿ ಗುಡ್" ಎಂದೆ. ಇಬ್ಬರೂ ಗಟ್ಟಿಯಾಗಿ ಕೈ ಕುಲುಕಿದೆವು. ದೂರದಿಂದ ನೋಡಿದ ದೊಡ್ಡ ಅಧಿಕಾರಿಗಳು ಬಹಳ ಸಂತೋಷಪಟ್ಟರು.

ಸಂಜೆ ಬಟ್ಟಲು ಮತ್ತೆ ಬಂತು, ಮೊದಲಿಗಿಂತ ದೊಡ್ಡ ಕೇಕಿನೊಂದಿಗೆ. ಗೌರಮ್ಮನ ಮುಖ ಅರಳಿತು. "ನೋಡಿದ್ರಾ, ಎಷ್ಟು ಬೇಗ ಖಾಲಿ ಮಾಡವ್ರೆ. ಈ ಸಲ ಏನು ಕಳಿಸ್ಲಿ? ಅವ್ರಿಗೆ ಏನಿಷ್ಟ ಅಂತ ಕೇಳ್ಕೊಂಡು ಬನ್ನಿ."

ಕೇಳ್ಕೊಂಡು ಬರ್ತೀನಿ ಎಂದು ಚಪ್ಪಲಿ ಮೆಟ್ಟಿ ಹೊರಟೆ. ಬಂಗಲೆಯ ತನಕ ಹೋಗಲಿಲ್ಲ. ಪಕ್ಕದ ಮನೆಯ ಬಾಗಿಲು ತಟ್ಟಿದೆ.