ಎಲ್ಲವೂ ಇಟ್ಟಲ್ಲೇ ಇದೆ

ಮಸ್ಕತ್, ನೈರೋಬಿ, ಕಠ್ಮಂಡು ಎಂದು ಅಲೆದು ನಾನು ಕಲಿತದ್ದು ಇಷ್ಟೇ: ಎಲ್ಲಿಗೇ ಹೋದರೂ, ಚೆನ್ನಾಗಿ ನಡೆಯುತ್ತಿರುವುದನ್ನು ಸುಧಾರಿಸಲು ಹೊರಟವರೊಬ್ಬರು ನನಗಿಂತ ಮುಂಚೆ ಅಲ್ಲಿಗೆ ಬಂದು ಕೂತಿರುತ್ತಾರೆ.

ಧಾರವಾಡ ಬಿಟ್ಟವಳು ಸದ್ಯ ಗೋವಾದ ಮಡಗಾಂವದ ಪಕ್ಕ ಫಾತೋರ್ಡಾದ ಒಂದು ಮುದ್ರಣದ ಅಂಗಡಿಯಲ್ಲಿ ಅಕ್ಷರ ತಿದ್ದುತ್ತೇನೆ. ಲಗ್ನಪತ್ರಿಕೆಗಳು ಮೊಬೈಲಿಗೆ ಹೋದವು, ನಮಗೆ ಉಳಿದವರು ಸತ್ತವರು. ಇಲ್ಲಿನ ಕ್ರಿಶ್ಚಿಯನ್ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಒಂದು ತಿಂಗಳಿಗೆ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪ್ರಾರ್ಥನೆ. ಬಂದವರಿಗೆಲ್ಲ ಅಂಗೈಯಗಲದ ಕಾರ್ಡು: ಫೋಟೋ, ಹೆಸರು, ನಾಲ್ಕು ಸಾಲು. ಜನ ಅದನ್ನು ಪ್ರಾರ್ಥನೆಯ ಪುಸ್ತಕದಲ್ಲಿಟ್ಟುಕೊಂಡು ವರ್ಷಗಟ್ಟಲೆ ಕಾಯುತ್ತಾರೆ. ವರ್ಷ ತುಂಬಿದಾಗ ಮತ್ತೊಂದು ಕಾರ್ಡು. ಸತ್ತವರಷ್ಟು ನಿಷ್ಠೆಯ ಗಿರಾಕಿ ಇಲ್ಲ.

ಈ ಕಾರ್ಡುಗಳನ್ನು ಜೋಡಿಸುವವರು ವಿಜಯಪುರದ ಕಡೆಯ ಚಾಚಾ. ಸೀಸದ ಅಚ್ಚುಮೊಳೆಯಿಂದ ಶುರುಮಾಡಿ ಅಂಗಡಿಯ ಹಳೇ ಕಂಪ್ಯೂಟರಿನ ತನಕ ಬಂದವರು. ಮಾಲೀಕರು ಕಾರವಾರದವರು. ಒಂದು ಬೆಳಿಗ್ಗೆ ಅವರು ಘೋಷಿಸಿದರು: "ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವಾ. ಅದರಲ್ಲಿ ಕಾರ್ಡೆಲ್ಲ ರೆಡಿಮೇಡ್ ಬರ್ತದಂತೆ. ಚಾಚಾ, ಈ ತಿಂಗಳ ಕೊನೆಗೆ ನೀವು ಆರಾಮಾಗಿ ಊರಿಗೆ ಹೋಗಿ."

ಚಾಚಾ ಕನ್ನಡಕ ಒರೆಸಿಕೊಂಡರು. "ಊರಾಗ ನಮ್ಮವರು ಅನ್ನೋರೆಲ್ಲ ಖಬರಸ್ತಾನದಾಗ ಅದಾರ್ರಿ. ಇಲ್ಲಿ ಮಂದೀ ಮನ್ಯಾಗ ಸತ್ತವರ ಕೂಡನರ ಹೊತ್ತು ಹೋಗ್ತಿತ್ತು."

೧. ಮೂವತ್ತೊಂದು

ಮಾಲೀಕರು ಯಂತ್ರಕ್ಕೆ ಕುಂಕುಮ ಹಚ್ಚಿ ಗುಂಡಿ ಒತ್ತಿದರು. "ಕೆಲವೇ ನಿಮಿಷ" ಎಂದಿತು ಪರದೆ. ಶೇಕಡಾ ಮೂವತ್ತೊಂದಕ್ಕೆ ಬಂದು ನಿಂತಿತು. ಊಟ ಮಾಡಿ ಬಂದೆ, ಮೂವತ್ತೊಂದು. ಚಹಾ ಕುಡಿದೆ, ಮೂವತ್ತೊಂದು. ನೈರೋಬಿಯ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆಗಾಗಿ ಕಾದಾಗಲೂ ಇಷ್ಟು ಬೇಜಾರಾಗಿರಲಿಲ್ಲ. ಅಲ್ಲಿ ಬೇರೆಯವರ ಪೆಟ್ಟಿಗೆಗಳಾದರೂ ಸುತ್ತುತ್ತಿದ್ದವು.

ಅಷ್ಟರಲ್ಲಿ ಹಿಂದಿನ ಓಣಿಯ ಹೆಂಗಸೊಬ್ಬರು ಬಂದರು. ಗಂಡ ತೀರಿಕೊಂಡು ಮೂರು ವಾರ. ಹೋದ ವಾರವೇ ಫೋಟೋ ಕೊಟ್ಟಿದ್ದರು, ಚಾಚಾ ಕಾರ್ಡು ಜೋಡಿಸಿಯೂ ಇಟ್ಟಿದ್ದರು. ಅದು ಅಚ್ಚಾಗಿ ಬರುವ ಭಾನುವಾರದ ಪ್ರಾರ್ಥನೆಗೆ ಬೇಕು. ಕಂಪ್ಯೂಟರಿನಲ್ಲಿ ಕೆಲಸ ನಡೆದಿದೆ, ಕೂತಿರಿ ಎಂದೆವು. ಅವರು ಕೂತು ಪರದೆಯನ್ನೇ ನೋಡಿದರು. ಅದರ ಮೇಲೆ ಸಮಾಧಾನದ ಒಂದು ಸಾಲು ಮೂಡಿತು: ನಿಮ್ಮದೆಲ್ಲವೂ ನೀವು ಇಟ್ಟಲ್ಲೇ ಇದೆ.

ಆಕೆ ಅದನ್ನು ಎರಡು ಸಲ ಓದಿ ಎದ್ದರು. "ನನ್ನ ಗಂಡನೂ ಇಟ್ಟಲ್ಲೇ ಇದ್ದಾನೆ ಬಾಯಿ. ಅದರಿಂದ ಏನು ಉಪಯೋಗ?"

೨. ಬೆಂಬಲ ಮುಗಿದಿದೆ

ಹೊಸ ಸಿಸ್ಟಮ್ ಬಂತು. ಬಂದದ್ದೇ ನಮ್ಮ ಪ್ರಿಂಟರನ್ನು ತನಗೆ ಪರಿಚಯವೇ ಇಲ್ಲವೆಂದಿತು. ಪ್ರಿಂಟರಿಲ್ಲದಿದ್ದರೆ ಭಾನುವಾರದ ಕಾರ್ಡಿಲ್ಲ. ಸಹಾಯವಾಣಿಗೆ ಫೋನು ಮಾಡಿದೆ. ಇಪ್ಪತ್ತು ನಿಮಿಷ ಕೊಳಲು ಕೇಳಿಸಿದ ಮೇಲೆ ಒಬ್ಬ ಸಿಕ್ಕ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದೆ.

"ಎಷ್ಟು ಹಳೆಯದು ಮೇಡಂ?"

"ಹನ್ನೆರಡು ವರ್ಷ."

"ಅದಕ್ಕೆ ಬೆಂಬಲ ಮುಗಿದಿದೆ."

"ಆದರೆ ಕೆಲಸ ಚೆನ್ನಾಗಿ ಮಾಡುತ್ತದೆ."

"ಮಾಡಬಹುದು. ಹೊಸ ವ್ಯವಸ್ಥೆಯಲ್ಲಿ ಅದಕ್ಕೆ ಜಾಗವಿಲ್ಲ. ತೆಗೆದುಬಿಡಿ."

ಮೂಲೆಯಲ್ಲಿ ಹಾಳೆ ಕತ್ತರಿಸುತ್ತಿದ್ದ ಚಾಚಾ ಕೈ ನಿಲ್ಲಿಸಿದರು. "ಬಾಯಾರ, ಅವ ಪ್ರಿಂಟರಿನ ಮಾತು ಆಡಾಕತ್ತಾನೋ, ನನ್ನ ಮಾತೋ?"

ಚಾಚಾ ಎದ್ದು ಬಂದು, ವಯರು ಕಿತ್ತು, ಮೂತಿಗೆ ಉಫ್ ಎಂದು ಊದಿ, ಕಂಪ್ಯೂಟರಿನ ಹಿಂದಿನ ಇನ್ನೊಂದು ತೂತಿಗೆ ಸಿಕ್ಕಿಸಿದರು. ಪ್ರಿಂಟರು ಕೆಮ್ಮಿ ಒಂದು ಹಾಳೆ ಉಗುಳಿತು.

ಮಾಲೀಕರು ಹಾಳೆ ಎತ್ತಿ ಹಿಡಿದು ಹೆಮ್ಮೆಯಿಂದ ಹೇಳಿದರು: "ನೋಡಿ ಮಾರಾಯ್ರೆ, ಹೊಸ ಸಿಸ್ಟಮ್ಮಿನ ಶಕ್ತಿ."

೩. ಸವಿನೆನಪು

ಹೊಸ ಸಿಸ್ಟಮ್ಮಿಗೆ ಕೇಳದೆ ಉಪಕಾರ ಮಾಡುವ ಚಟ. ಗುರುವಾರ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿರುವಾಗ ತಾನಾಗಿಯೇ ಪರದೆಯ ತುಂಬ ಬಲೂನು ಹಾರಿಸಿ, "ನಿಮ್ಮ ಮೋಜಿನ ದಿನಗಳು" ಎಂದು ಕುಣಿಯುವ ಸಂಗೀತ ಹಚ್ಚಿತು. ಚಾಚಾ ಕಾರ್ಡು ಮಾಡಿದ ಸತ್ತವರ ಫೋಟೋಗಳೆಲ್ಲ ಒಂದೊಂದಾಗಿ ಬರತೊಡಗಿದವು. ಒಬ್ಬೊಬ್ಬರೂ ಪರದೆಯ ಎಡಗಡೆಯಿಂದ ಜಾರಿ ಬಂದು, ಒಂದು ಸುತ್ತು ತಿರುಗಿ, ಬಲಗಡೆಗೆ ಹೊರಟುಹೋಗುತ್ತಿದ್ದರು.

ಮಾಲೀಕರು ಸಂಗೀತ ನಿಲ್ಲಿಸುವ ಗುಂಡಿ ಹುಡುಕಿದರು. ಹಳೆಯ ಜಾಗದಲ್ಲಿ ಅದಿರಲಿಲ್ಲ. ಗಿರಾಕಿಗಳು ಟೋಪಿ ತೆಗೆಯಬೇಕೋ ಬೇಡವೋ ತಿಳಿಯದೆ ನಿಂತರು. ಚಾಚಾ ಮಾತ್ರ ಪರದೆಯ ಮುಂದೆ ಕೈಕಟ್ಟಿ ನಿಂತು ಒಬ್ಬೊಬ್ಬರನ್ನೇ ಗುರುತು ಹಿಡಿದರು. "ಇವರು ಬೇಕರಿಯವರು. ಈಕಿ ಟೀಚರ, ಕಾರ್ಡು ಎರಡು ಸಲ ತಿದ್ದಿಸಿದ್ರು ಅವರ ಮನಿಯವರು. ಇಂವ ಹಡಗದಾಗಿದ್ದ, ಭಾಳ ಚಲೋ ಮನಶಾ." ಹೆಸರು, ಓಣಿ, ಕಾಯಿಲೆ, ಒಂದೂ ತಪ್ಪಲಿಲ್ಲ. ಅಂಗಡಿ ಇಗರ್ಜಿಯಷ್ಟು ಶಾಂತವಾಯಿತು, ಹಿನ್ನೆಲೆಯ ಡೋಲು ಬಿಟ್ಟರೆ.

ಕೊನೆಗೆ ಬಲೂನುಗಳು ನಿಂತು ಪರದೆ ಕೇಳಿತು: ಈ ಕ್ಷಣಗಳನ್ನು ಇವರೆಲ್ಲರಿಗೂ ಕಳಿಸಲೇ?

"ಸದ್ಯಕ್ಕ ಬ್ಯಾಡ," ಎಂದರು ಚಾಚಾ. "ನಾನ ಹೋಗ್ತೇನಲ್ಲ, ಆವಾಗ ಒಯ್ತೇನಿ."

೪. ಹೌದು, ಹೌದು, ಹೌದು

ಈ ಬಲೂನಿನ ಅವಮಾನ ಮಾಲೀಕರಿಗೆ ತಡೆಯಲಾಗಲಿಲ್ಲ. ಮರುದಿನ ಶುಕ್ರವಾರ. ನಮಾಜಿಗೆ ಹೊರಟ ಚಾಚಾರನ್ನು ಮಾಲೀಕರು "ಸಂಜೆಗೆ ಬರೋದು ಬೇಡ, ನಾನೇ ಕಾರ್ಡು ಮಾಡ್ತೆ, ಕಲೀಬೇಕಲ್ಲ" ಎಂದು ಕಳಿಸಿಬಿಟ್ಟರು. ನಾನು ಪಾಸ್‌ಪೋರ್ಟ್ ಹೊಸದು ಮಾಡಿಸಲು ಪಣಜಿಗೆ ಹೋಗಿದ್ದೆ. ಕಾಲು ಆಗಲೇ ಮತ್ತೊಂದು ಊರಿಗೆ ತುರಿಸುತ್ತಿತ್ತು.

ಚಾಚಾ ಒಬ್ಬೊಬ್ಬ ಸತ್ತವರಿಗೂ ಒಂದೊಂದು ಫೋಲ್ಡರು ಮಾಡಿ, ಅದರೊಳಗಿನ ಫೋಟೋಗೆ "ಒಂದು" ಎಂದು ಹೆಸರಿಡುತ್ತಿದ್ದರು. ಎಲ್ಲರದೂ "ಒಂದು". ಮತ್ತೆ ಬಲೂನು ಹಾರದಿರಲೆಂದು ಮಾಲೀಕರು ಆ ಫೋಟೋಗಳನ್ನೆಲ್ಲ ಒಂದೇ ಫೋಲ್ಡರಿಗೆ ತುಂಬಿ ಬೀಗ ಹಾಕಲು ಹೊರಟರು. ಸಿಸ್ಟಮ್ ಪ್ರತಿ ಸಲವೂ ವಿನಯದಿಂದ ಕೇಳಿತಂತೆ: ಈ ಹೆಸರಿನದು ಒಂದಿದೆ, ಅದನ್ನು ಅಳಿಸಿ ಇದನ್ನು ಇಡಲೇ? ಮಾಲೀಕರು ಹೌದು, ಹೌದು, ಹೌದು ಎಂದು ಒತ್ತುತ್ತಾ ಹೋದರು. ಕೊನೆಗೆ ಹಾಕಿದ್ದು ಅಂಗಡಿಯ ಪರವಾನಗಿಗೆ ತೆಗೆಸಿದ್ದ ಅವರದೇ ಫೋಟೋ. ಅದಕ್ಕೂ ಚಾಚಾ ಇಟ್ಟಿದ್ದ ಹೆಸರು "ಒಂದು".

ಆಮೇಲೆ ಆ ಹೆಂಗಸಿನ ಗಂಡನ ಕಾರ್ಡು ತೆರೆದು, ಅದು ಕೇಳಿದ "ಒಂದು" ಫೋಟೋವನ್ನು ಆ ಫೋಲ್ಡರಿನಿಂದ ಕೊಟ್ಟು ಅಚ್ಚುಹಾಕಿದರು. ಕನ್ನಡಕ ಮನೆಯಲ್ಲಿತ್ತು. ಒಂದು ಕಾರ್ಡನ್ನು ದೂರ ಹಿಡಿದು ನೋಡಿದಾಗ "ಎಲ್ಲೋ ಕಂಡ ಮುಖ" ಅನ್ನಿಸಿತಂತೆ. ಊರಿನವರಲ್ಲವೇ ಎಂದು ಲಕೋಟೆಗೆ ತುಂಬಿ, ಅಂಟು ಹಚ್ಚಿ, ಮನೆಗೆ ತಲುಪಿಸಿದರು.

ಲಕೋಟೆ ಒಡೆದದ್ದು ಭಾನುವಾರ, ಇಗರ್ಜಿಯ ಬಾಗಿಲಲ್ಲಿ.

ಸೋಮವಾರ ಮಾಲೀಕರು ಮೀನು ಮಾರ್ಕೆಟ್ಟಿನಿಂದ ಖಾಲಿ ಚೀಲ ಹಿಡಿದು ಬಂದರು. ಅವರನ್ನು ನೋಡಿ ಬಾಂಗಡೆ ಮಾರುವಾಕೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳಂತೆ. ಯಾಕೆಂದು ನಾವು ಕೇಳುವುದರೊಳಗೆ ಹಿಂದಿನ ಓಣಿಯ ಆ ಹೆಂಗಸು ಬಂದು ಕಾರ್ಡು ಮೇಜಿನ ಮೇಲಿಟ್ಟರು. ದನಿ ಏರಿಸಲಿಲ್ಲ.

"ನನ್ನ ಗಂಡನಿಗೆ ಮೀಸೆ ಇರಲಿಲ್ಲ," ಎಂದರು. "ನೂರು ಜನ ಮೊಣಕಾಲೂರಿ ನಿಮ್ಮ ಆತ್ಮಕ್ಕೆ ಶಾಂತಿ ಕೇಳಿದ್ದಾರೆ. ಅದನ್ನು ವಾಪಸ್ ತಗೊಳ್ಳಲಿಕ್ಕೆ ಬರುವುದಿಲ್ಲ. ನನಗೆ ಅವನ ಮುಖ ಬೇಕು. ನಾನು ಕೊಟ್ಟದ್ದು ಒಂದೇ ಫೋಟೋ, ಫೋನಿನದು. ಆ ಫೋನೂ ಆಮೇಲೆ ಕೆಟ್ಟು ಅವನ ಹಿಂದೆಯೇ ಹೋಯಿತು."

ಮಾಲೀಕರು ಫೋಲ್ಡರು ತೆರೆದರು. ಒಳಗೆ ಅವರೊಬ್ಬರೇ ಇದ್ದರು. ಫಾತೋರ್ಡಾದ ಅಷ್ಟೂ ಸತ್ತವರ ಬದಲಿಗೆ ಒಬ್ಬ ಜೀವಂತ ಮನುಷ್ಯ, ಮೀಸೆ ಸಮೇತ. ಅವರ ಮುಖ ನಿಜಕ್ಕೂ ಕಾರ್ಡಿಗೆ ಹೊಂದುವಂತಾಯಿತು.

ಚಾಚಾ ಬೀರುವಿನ ಕೆಳಗಿನಿಂದ ಬಿಸ್ಕೀಟಿನ ಡಬ್ಬಿಗಳನ್ನು ಎಳೆದರು. ಇಷ್ಟು ವರ್ಷ ಮಾಡಿದ ಪ್ರತಿಯೊಂದು ಕಾರ್ಡಿನ ಒಂದು ಪ್ರತಿ, ಓಣಿವಾರು ದಾರ ಕಟ್ಟಿ ಇಟ್ಟಿದ್ದರು. ಮೇಲಿನ ಕಟ್ಟಿನಲ್ಲೇ ಆಕೆಯ ಗಂಡನ ಮುಖವಿತ್ತು. ಹೊಸ ಸಿಸ್ಟಮ್ ಬರುವ ಮೊದಲೇ, ಬಣ್ಣ ಸರಿಯಿದೆಯೇ ನೋಡಲು ತೆಗೆದ ಪ್ರತಿ.

"ಎಲ್ಲಾರೂ ಇಟ್ಟಲ್ಲೇ ಅದಾರ್ರಿ," ಎಂದರು.

ಆ ಹೆಂಗಸು ಕಾರ್ಡನ್ನು ಪ್ರಾರ್ಥನೆಯ ಪುಸ್ತಕದಲ್ಲಿಟ್ಟುಕೊಂಡರು. ಪರದೆಯ ಕಡೆ ತಿರುಗಿಯೂ ನೋಡಲಿಲ್ಲ.

ಮಾಲೀಕರು ಚಾಚಾರ ಕಡೆ ತಿರುಗಿದರು. "ಚಾಚಾ, ನೀವು ಊರಿಗೆ ಹೋಗೋದು ಬೇಡ. ಇನ್ನು ನೀವು ನೋಡದೆ ಒಂದು ಹಾಳೆಯೂ ಈ ಅಂಗಡಿಯಿಂದ ಹೊರಗೆ ಹೋಗ್ಬಾರದು."

ಚಾಚಾ ಮಾಲೀಕರ ಮುಖದ ಕಾರ್ಡನ್ನು ಮೇಜಿನಿಂದ ಎತ್ತಿಕೊಂಡು, ಅಂಚು ಸರಿಯಾಗಿ ಕತ್ತರಿಸಿದೆಯೇ ಎಂದು ಬೆರಳಾಡಿಸಿ ನೋಡಿ, ಡಬ್ಬಿಯಲ್ಲಿ ಇಟ್ಟರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು:

"ಸತ್ತ ಮ್ಯಾಲ ನಮ್ಮ ಮಾಲಕರು ಭಾಳ ಸುಧಾರಿಸ್ಯಾರ್ರಿ ಬಾಯಾರ."